ಮೂರಕ್ಷರದ ಹಿಂದಿನ ಜೇಮ್ಸ್ ಲ್ಯಾನ್ಸಿಂಗ್

ಮದುವೆಯ ಚಪ್ಪರವಾಗಲಿ, ಬಯಲಾಟದ ಗದ್ದೆಯಾಗಲಿ, ಶಾಲಾ ವಾರ್ಷಿಕೋತ್ಸವವಾಗಲಿ, ಮೈಕ್‌ಸೆಟ್ಟಿನವರು ತಂದಿರಿಸುವ ಕಪ್ಪು ಪೆಟ್ಟಿಗೆಗಳ ಮೇಲೆ ಜೆ.ಬಿ.ಎಲ್. ಎಂಬ ಮೂರು ಅಕ್ಷರಗಳನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಧ್ವನಿವರ್ಧಕದ ಮೇಲೂ ಅದೇ ಅಕ್ಷರಗಳಿವೆ. ಒಂಭತ್ತನೆಯ ತರಗತಿಯಲ್ಲಿ ಶಬ್ದದ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, ಆ ಅಕ್ಷರಗಳ ಅರ್ಥವೇನೆಂದು ಕೇಳಿದನು. ಅದೊಂದು ಕಂಪೆನಿಯ ಹೆಸರೆಂದು ಹೇಳಿ ನಾವು ಪಾಠ ಮುಂದುವರಿಸಿದೆವು. ಹೇಳಿದ್ದು ಸುಳ್ಳಲ್ಲವಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏಕೆಂದರೆ ಅದು ಒಬ್ಬ ಮನುಷ್ಯನ ಹೆಸರು. ಅವರು ತೀರಿಕೊಂಡು ಮುಕ್ಕಾಲು ಶತಮಾನ ಕಳೆಯಿತು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ.

ಜೇಮ್ಸ್ ಬುಲೋ ಲ್ಯಾನ್ಸಿಂಗ್ ಎಂಬುದು ಅವರಿಗೆ ತಂದೆತಾಯಿ ಇಟ್ಟ ಹೆಸರಲ್ಲ. 1902ರ ಜನವರಿ 14ರಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದಾಗ ಅವರು ಜೇಮ್ಸ್ ಮಾರ್ಟಿನಿ. ತಂದೆ ಕಲ್ಲಿದ್ದಲ ಗಣಿಯ ಇಂಜಿನಿಯರು. ಹದಿನಾಲ್ಕು ಮಕ್ಕಳ ಸಂಸಾರ, ಜೇಮ್ಸ್ ಒಂಭತ್ತನೆಯವರು. ಗಣಿಯಿಂದ ಗಣಿಗೆ ತಂದೆಗೆ ವರ್ಗವಾದಂತೆಲ್ಲ ಮನೆಯೂ ಊರಿಂದ ಊರಿಗೆ ಸಾಗುತ್ತಿತ್ತು. ಬಾಲಕನಾಗಿದ್ದಾಗ ವಿದ್ಯುತ್ತನ್ನು ಕೂಡಿಡುವ ಲೇಡನ್ ಜಾಡಿಯನ್ನು ತಾನೇ ಮಾಡಿ, ಅದನ್ನು ಮುಟ್ಟಿಸಿ ಜೊತೆಗಾರರನ್ನು ಬೆಚ್ಚಿಬೀಳಿಸುತ್ತಿದ್ದನಂತೆ. ಹನ್ನೆರಡರ ಸುಮಾರಿಗೆ ಆತ ಕಟ್ಟಿದ ಪುಟ್ಟ ರೇಡಿಯೋ ಪ್ರಸಾರಯಂತ್ರದ ಸಂಕೇತಗಳು ನೌಕಾಪಡೆಯ ಕೇಂದ್ರಕ್ಕೂ ಕೇಳಿಸಿ, ಅವರು ಬಂದು ಅದನ್ನು ನಿಲ್ಲಿಸಿದರೆಂದು ಹೇಳುತ್ತಾರೆ. ಇಂಥ ಹುಡುಗರು ನಮ್ಮ ತರಗತಿಗಳಲ್ಲಿಯೂ ಇದ್ದಾರೆ; ಅವರ ಅಂಕಪಟ್ಟಿ ನೋಡಿದರೆ ಇದು ತಿಳಿಯುವುದಿಲ್ಲ.

ಓದು ಹೆಚ್ಚು ಸಾಗಲಿಲ್ಲ. ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಸ್ವಲ್ಪ ಕಾಲ ಹೈಸ್ಕೂಲಿಗೆ ಹೋದ ಜೇಮ್ಸ್, ಅನಂತರ ಮೋಟಾರು ಮೆಕ್ಯಾನಿಕ್ ಆದರು. ಇಂಜಿನಿನ ಸೂಕ್ಷ್ಮ ಕೆಲಸದಲ್ಲಿ ಅವರ ಕೈ ಪಳಗಿದ್ದು ಇಲ್ಲಿ. ಕೂದಲೆಳೆಯಷ್ಟು ಅಂತರ ಹೆಚ್ಚುಕಡಿಮೆಯಾದರೂ ಯಂತ್ರ ಕೆಟ್ಟಿತೆಂಬ ಶಿಸ್ತನ್ನು ಅವರು ಮುಂದೆ ಧ್ವನಿವರ್ಧಕಕ್ಕೆ ತಂದರು. 1924ರಲ್ಲಿ ತಾಯಿ ತೀರಿಕೊಂಡ ಮೇಲೆ ಮನೆ ಬಿಟ್ಟು ಸಾಲ್ಟ್ ಲೇಕ್ ನಗರಕ್ಕೆ ಹೋಗಿ, ಅಲ್ಲಿ ರೇಡಿಯೋ ಕೇಂದ್ರವೊಂದರಲ್ಲಿ ದುಡಿದರು. ಗ್ಲೆನ್ನಾ ಪೀಟರ್ಸನ್ ಎಂಬವರನ್ನು ಮದುವೆಯಾದದ್ದು ಅಲ್ಲಿಯೇ; ವ್ಯವಹಾರಜ್ಞಾನವಿದ್ದ ಕೆನ್ ಡೆಕರ್ ಎಂಬ ಗೆಳೆಯ ದೊರೆತದ್ದೂ ಅಲ್ಲಿಯೇ. ಇಬ್ಬರು ಗೆಳೆಯರೂ ಲಾಸ್ ಏಂಜಲೀಸಿಗೆ ಬಂದು 1927ರ ಮಾರ್ಚಿಯಲ್ಲಿ ಲ್ಯಾನ್ಸಿಂಗ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿಯನ್ನು ಸ್ಥಾಪಿಸಿದರು. ಮಾರ್ಟಿನಿ ಎಂಬುದು ಲ್ಯಾನ್ಸಿಂಗ್ ಆದದ್ದು ಈ ಸುಮಾರಿಗೆ. ಜೇಮ್ಸ್ ತಯಾರಿಸುವುದು, ಡೆಕರ್ ಮಾರುವುದು. ಮೊದಲಿಗೆ ಮನೆಯ ರೇಡಿಯೋಗಳಿಗೆ ಬೇಕಾಗುವ ಆರಿಂಚು, ಎಂಟಿಂಚಿನ ಸಣ್ಣ ಸ್ಪೀಕರುಗಳು.

ಅದೇ 1927ರಲ್ಲಿ ಸಿನಿಮಾ ಮಾತನಾಡತೊಡಗಿತು. ಸಾವಿರಾರು ಜನ ಕೂರುವ ಚಿತ್ರಮಂದಿರಗಳನ್ನು ಕೆಲವೇ ವ್ಯಾಟ್ ಶಕ್ತಿಯ ಯಂತ್ರಗಳಿಂದ ತುಂಬಬೇಕಾಗಿತ್ತು. ಮಾತು ಕೇಳಿಸುತ್ತಿತ್ತು ಸರಿ. ಆದರೆ ಮೇಲಿನ ಸ್ವರಗಳೂ ಇಲ್ಲ, ಕೆಳಗಿನ ಸ್ವರಗಳೂ ಇಲ್ಲ. ತಗಡಿನ ಡಬ್ಬಿಯೊಳಗಿಂದ ಹಾಡಿದಂತೆ. 1933ರ ಏಪ್ರಿಲಿನಲ್ಲಿ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯದಲ್ಲಿ ನುಡಿಸಿದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳುಹಿಸಿ, ದೊಡ್ಡ ಕೊಂಬುಗಳಿಂದ ಕೇಳಿಸಿದರು. ಮಂದ್ರಕ್ಕೆ ಒಂದು ಕೊಂಬು, ತಾರಕ್ಕೆ ಇನ್ನೊಂದು. ಹೀಗೂ ಸಾಧ್ಯವೆಂದು ಅಂದು ಎಲ್ಲರಿಗೂ ಗೊತ್ತಾಯಿತು.

ಎಂ.ಜಿ.ಎಂ. ಸ್ಟುಡಿಯೋದ ಧ್ವನಿ ವಿಭಾಗದ ಮುಖ್ಯಸ್ಥರಾಗಿದ್ದ ಡಗ್ಲಾಸ್ ಶಿಯರರ್ ಅಂಥದನ್ನೇ ಚಿತ್ರಮಂದಿರಗಳಿಗೆ ಮಾಡಿಸಬೇಕೆಂದು ಹೊರಟರು. ಇಂಜಿನಿಯರ್ ಜಾನ್ ಹಿಲಿಯರ್ಡ್ ಆ ಕೆಲಸವನ್ನು ಹೊತ್ತರು. ಇಲ್ಲಿ ಎದುರಾದ ತೊಡಕೊಂದನ್ನು ನಾವು ಈಗ ತರಗತಿಯಲ್ಲಿ ಹೇಳುವುದುಂಟು. ನೆಲ ಕುಟ್ಟಿ ಕುಣಿಯುವ ನರ್ತಕಿ ಎಲಿನರ್ ಪವೆಲ್ ಅವರ ಚಿತ್ರವನ್ನು ಕೇಳಿನೋಡಿದಾಗ, ಒಂದೊಂದು ಹೆಜ್ಜೆಯೂ ಎರಡೆರಡು ಬಾರಿ ಕೇಳಿಸಿತು. ಮಂದ್ರದ ಕೊಂಬು ಉದ್ದವಾಗಿತ್ತು. ತಾರದ ಕೊಂಬು ಗಿಡ್ಡ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, ಉದ್ದದ ದಾರಿಯಲ್ಲಿ ಬಂದ ಶಬ್ದ ಚೂರು ತಡವಾಗಿ ಹೊರಬರುತ್ತಿತ್ತು. ಸೆಕೆಂಡಿನ ನೂರನೆಯ ಒಂದು ಭಾಗಕ್ಕೂ ಕಡಿಮೆ ವ್ಯತ್ಯಾಸ. ಆದರೂ ಕಿವಿ ಹಿಡಿಯಿತು. ಮಂದ್ರದ ಕೊಂಬನ್ನು ಮಡಚಿ, ಗಿಡ್ಡ ಮಾಡಿ, ಎರಡರ ದಾರಿಯನ್ನೂ ಸರಿತೂಗಿಸಿದ ಮೇಲೆ ಹೆಜ್ಜೆ ಒಂದಾಯಿತು. ಈ ಯಂತ್ರಕ್ಕೆ ಜೀವ ಕೊಡುವ ಸ್ಪೀಕರುಗಳನ್ನು, ಅಂದರೆ ಹದಿನೈದಿಂಚಿನ ಕಾಗದದ ಶಂಕುವನ್ನೂ ತಾರದ ಕೊಂಬಿನ ಹಿಂದೆ ಕೂರುವ ತೆಳು ಲೋಹದ ಪೊರೆಯ ಡ್ರೈವರನ್ನೂ, ತಯಾರಿಸಿಕೊಟ್ಟದ್ದು ಲ್ಯಾನ್ಸಿಂಗ್ ಮತ್ತು ಅವರ ಬಳಿ ಇದ್ದ ತರುಣ ವಿಜ್ಞಾನಿ ಜಾನ್ ಬ್ಲ್ಯಾಕ್‌ಬರ್ನ್. 1936ರ ಸಾಧನೆಗೆಂದು ಚಲನಚಿತ್ರ ಅಕಾಡೆಮಿ ತನ್ನ ತಾಂತ್ರಿಕ ಪ್ರಶಸ್ತಿಯನ್ನು ಈ ಯಂತ್ರಕ್ಕೆ ನೀಡಿತು. ಪ್ರಶಸ್ತಿ ಪತ್ರದಲ್ಲಿ ಇದ್ದ ಹೆಸರು ಶಿಯರರ್ ಮತ್ತು ಎಂ.ಜಿ.ಎಂ. ಧ್ವನಿ ವಿಭಾಗದ್ದು. ಯಂತ್ರಕ್ಕೂ ಶಿಯರರ್ ಹಾರ್ನ್ ಎಂದೇ ಹೆಸರಾಯಿತು. ಅದರಲ್ಲಿ ಅನ್ಯಾಯವೆನ್ನುವಂಥದ್ದು ಏನೂ ಇಲ್ಲ; ಕೆಲಸ ಮಾಡಿಸಿದವರು ಅವರೇ. ಆದರೆ ಲ್ಯಾನ್ಸಿಂಗರ ಬಾಳಿನಲ್ಲಿ ಹೆಸರಿನ ವಿಚಾರ ಹೀಗೆಯೇ ನಡೆಯಿತೆಂಬುದನ್ನು ಓದುಗರು ಗಮನಿಸಬೇಕು.

ಹೊಡೆತ ಬಿದ್ದದ್ದು 1939ರಲ್ಲಿ. ಕೆನ್ ಡೆಕರ್ ವಿಮಾನ ಅಪಘಾತದಲ್ಲಿ ಮಡಿದರು. ಲೆಕ್ಕ ಪುಸ್ತಕ, ಸಾಲಗಾರರು, ಗಿರಾಕಿಗಳು, ಎಲ್ಲವೂ ಲೇತಿನ ಮುಂದೆ ನಿಂತು ಅಭ್ಯಾಸವಾಗಿದ್ದ ಮನುಷ್ಯನ ತಲೆಯ ಮೇಲೆ ಬಂತು. ಎರಡು ವರ್ಷ ಎಳೆದಾಡಿ, 1941ರ ಡಿಸೆಂಬರಿನಲ್ಲಿ ಕಂಪೆನಿಯನ್ನು ಆಲ್ಟೆಕ್ ಸಂಸ್ಥೆಗೆ 50,000 ಡಾಲರಿಗೆ ಮಾರಿದರು. ಆಲ್ಟೆಕ್ ಲ್ಯಾನ್ಸಿಂಗ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಅವರು ಅದರ ಉಪಾಧ್ಯಕ್ಷರಾಗಿ ಉಳಿದರು. ಆ ಐದು ವರ್ಷಗಳಲ್ಲಿ ಆಗಿಹೋದ ಕೆಲಸ ಸಣ್ಣದಲ್ಲ. ಒಂದೇ ಚೌಕಟ್ಟಿನಲ್ಲಿ ಮಂದ್ರ, ತಾರ ಎರಡನ್ನೂ ಕೂಡಿಸಿದ 604 ಎಂಬ ಸ್ಪೀಕರು ಮುಂದೆ ದಶಕಗಳ ಕಾಲ ಅಮೆರಿಕದ ಧ್ವನಿಮುದ್ರಣ ಶಾಲೆಗಳಲ್ಲಿ ನಿಂತಿತು. 1945ರಲ್ಲಿ ಹೊರಬಂದ ‘ವಾಯ್ಸ್ ಆಫ್ ದ ಥಿಯೇಟರ್’ ಚಿತ್ರಮಂದಿರಗಳ ಪರದೆಯ ಹಿಂದೆ ಕಾಯಂ ಆಯಿತು. ಕರಾರು ಮುಗಿದ ಕೂಡಲೇ, 1946ರಲ್ಲಿ, ಲ್ಯಾನ್ಸಿಂಗರು ಅಲ್ಲಿಂದ ಹೊರಬಿದ್ದರು.

ಸಂಬಳ, ಸ್ಥಾನ ಎಲ್ಲ ಇದ್ದಲ್ಲಿಂದ ಏಕೆ ಹೊರಟರು? ನಮಗೆ ತೋರುವ ಮಟ್ಟಿಗೆ, ಚಿತ್ರಮಂದಿರಕ್ಕೆ ಮಾಡುವ ಧ್ವನಿಯನ್ನು ಮನೆಗೂ ತರಬೇಕೆಂಬ ಹಂಬಲವೇ ಕಾರಣ. ಅದೇ ಅಕ್ಟೋಬರಿನಲ್ಲಿ ಲ್ಯಾನ್ಸಿಂಗ್ ಸೌಂಡ್ ಎಂಬ ಹೊಸ ಕಂಪೆನಿ ತೆರೆದರು. ಹಳೆಯ ಒಡೆಯರು ತಕರಾರು ತೆಗೆದರು: ಲ್ಯಾನ್ಸಿಂಗ್ ಎಂಬ ಹೆಸರನ್ನು ತಾವು ಕ್ರಯಕ್ಕೆ ಪಡೆದದ್ದಲ್ಲವೇ? ತಾನೇ ಆರಿಸಿಕೊಂಡ ಹೆಸರನ್ನು ತನ್ನ ಅಂಗಡಿಗೆ ಇಡುವಂತಿಲ್ಲ! ಕಡೆಗೆ ಜೇಮ್ಸ್ ಬಿ. ಲ್ಯಾನ್ಸಿಂಗ್ ಸೌಂಡ್ ಎಂದು ಪೂರ್ತಿ ಹೆಸರಿನಲ್ಲಿ ಕಂಪೆನಿ ನಡೆಯಿತು.

ಇಲ್ಲಿ ಅವರು ತಯಾರಿಸಿದ ಡಿ-130 ಎಂಬ ಹದಿನೈದಿಂಚಿನ ಸ್ಪೀಕರಿನ ಬಗ್ಗೆ ಎರಡು ಮಾತು. ಸ್ಪೀಕರಿನ ಹೃದಯವೆಂದರೆ ಅಯಸ್ಕಾಂತದ ಸಂದಿಯಲ್ಲಿ ಆಡುವ ತಂತಿಯ ಸುರುಳಿ. ಲ್ಯಾನ್ಸಿಂಗರು ದುಂಡು ತಂತಿಯ ಬದಲು ಚಪ್ಪಟೆ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದರು. ದುಂಡು ತಂತಿಗಳ ನಡುವೆ ಉಳಿಯುವ ಖಾಲಿ ಜಾಗ ಇಲ್ಲಿ ಇಲ್ಲ. ಅಷ್ಟೇ ಸಂದಿಯಲ್ಲಿ ಹೆಚ್ಚು ಲೋಹ, ಹೆಚ್ಚು ಬಲ. ಸುರುಳಿಯ ಅಗಲ ನಾಲ್ಕಿಂಚು. ಹಿಂದೆ ಆಲ್ನಿಕೋ ಲೋಹದ ದೊಡ್ಡ ಅಯಸ್ಕಾಂತ. ಪರಿಣಾಮವಾಗಿ ಒಂದು ವ್ಯಾಟ್ ಕೊಟ್ಟರೆ ಕೋಣೆಯೇ ತುಂಬುವಷ್ಟು ಧ್ವನಿ.

ಈ ವಂಶದ ದೊಡ್ಡ ಧ್ವನಿಪೆಟ್ಟಿಗೆಗಳನ್ನು ನಾವು ಒಮ್ಮೆ, ಗಲ್ಫಿನಿಂದ ಮರಳಿದ ಪರಿಚಿತರೊಬ್ಬರ ಮನೆಯಲ್ಲಿ ಕೇಳಿದೆವು. ಎದೆಮಟ್ಟದ ಜೋಡಿ; ನಾಲ್ಕು ಜನ ಎತ್ತಬೇಕಾದ ಭಾರ. ಕಿವಿ ಬಿರಿಯುವಂತೆ ಹಾಕುವರೆಂದು ಹೆದರಿಕೊಂಡೇ ಕುಳಿತಿದ್ದೆವು. ಅವರು ಸಣ್ಣಗೆ ಹಾಕಿದರು. ಮೃದಂಗದ ಗುಂಕಿ ಬಂದಾಗ ಅದು ಪೆಟ್ಟಿಗೆಯಿಂದ ಬಂದಂತಿರಲಿಲ್ಲ; ಚಾಪೆಯ ಮೇಲೆ ಯಾರೋ ಕುಳಿತು ಅಂಗೈ ಒತ್ತಿ ಎಳೆದಂತಿತ್ತು. ಚರ್ಮ ತಗ್ಗುವುದು, ಮತ್ತೆ ಏಳುವುದು, ಎರಡೂ ಬೇರೆ ಬೇರೆ ತಿಳಿಯಿತು. ನಾಗಸ್ವರದಲ್ಲಿ ಸ್ವರಕ್ಕೆ ಮುಂಚಿನ ಉಸಿರು ಕೇಳಿಸಿತು. ಸಣ್ಣ ಪೆಟ್ಟಿಗೆಗಳು ಮಂದ್ರವನ್ನು ತೋರಿಸುತ್ತವೆ. ಈ ದೊಡ್ಡವು ಅದನ್ನು ಇದ್ದಲ್ಲಿಯೇ ಇಡುತ್ತವೆ ಎನ್ನೋಣ. ಹಾಗೆಂದು ಎಲ್ಲವೂ ಚೆನ್ನವೆಂದಲ್ಲ. ಪಿಟೀಲಿನ ಮೇಲಿನ ಸ್ವರಗಳಲ್ಲಿ ಒಂದು ಬಗೆಯ ಮೊನಚು ಇತ್ತು. ಹತ್ತಿರ ಕುಳಿತರೆ ಮಂದ್ರ ಒಂದು ಕಡೆಯಿಂದ, ತಾರ ಇನ್ನೊಂದು ಕಡೆಯಿಂದ ಬರುವಂತೆ ತೋರಿ, ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟ ಮೇಲೆ ಎರಡೂ ಬೆರೆತವು. ಮೂಲೆಯಲ್ಲಿ ನಿಂತು ಕೇಳಿದರೆ ಬರಿಯ ಗುಮ್ಮೆಂಬ ಸದ್ದು. ಆ ಕೋಣೆಗೆ ಅವು ದೊಡ್ಡವಾದುವು. ಎಲಿನರ್ ಪವೆಲ್ ಅವರ ಹೆಜ್ಜೆಯ ಕಥೆ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಿಂದೆ ಸರಿದದ್ದೇಕೆಂದು ಮನೆಯವರಿಗೆ ವಿವರಿಸಬಹುದಾಗಿತ್ತು.

ಇಂಥ ಕೆಲಸ ಮಾಡಿದವರ ಕಂಪೆನಿ ಮಾತ್ರ ನಷ್ಟದಲ್ಲಿ ನಡೆಯುತ್ತಿತ್ತು. ಸಾಮಗ್ರಿಯಲ್ಲಿ ಕೈ ಬಿಗಿಹಿಡಿಯುವುದು ಅವರಿಗೆ ಬಾರದು. ಮಾರುವುದಕ್ಕೆ ಡೆಕರ್ ಇಲ್ಲ. ಬಂಡವಾಳ ಹೂಡಿದ ಮಾರ್ಕ್ವಾರ್ಟ್ ವಿಮಾನ ಕಂಪೆನಿ ಬೇರೆಯವರ ಕೈಗೆ ಹೋದಾಗ ಆ ಆಸರೆಯೂ ಅಲುಗಿತು. 1949ರ ಹೊತ್ತಿಗೆ ಸಾಲ ಸುಮಾರು 20,000 ಡಾಲರು. ಆ ವರ್ಷದ ಸೆಪ್ಟೆಂಬರ್ 24ರಂದು, ಸಾನ್ ಮಾರ್ಕೋಸಿನಲ್ಲಿದ್ದ ತಮ್ಮ ಬೆಣ್ಣೆಹಣ್ಣಿನ ತೋಟದಲ್ಲಿ, ಲ್ಯಾನ್ಸಿಂಗರು ತಾವಾಗಿಯೇ ಪ್ರಾಣ ಬಿಟ್ಟರು. ವಯಸ್ಸು 47.

ಇದರ ಬಗ್ಗೆ ಬರೆಯುವವರಲ್ಲಿ ಕೆಲವರು ಅವರನ್ನು ವ್ಯಾಪಾರ ತಿಳಿಯದ ಪೆದ್ದನೆಂದೂ, ಕೆಲವರು ಕಲೆಗೆ ಬಲಿಯಾದ ತ್ಯಾಗಿಯೆಂದೂ ಚಿತ್ರಿಸುವುದುಂಟು. ಎರಡೂ ನಮಗೆ ಒಪ್ಪಿಗೆಯಿಲ್ಲ. ಸಾಲ ಇಪ್ಪತ್ತು ಸಾವಿರ. ಕೈಯಲ್ಲಿದ್ದ ಸರಕು ಅದಕ್ಕಿಂತ ಎಷ್ಟೋ ಪಟ್ಟು ಬೆಲೆಬಾಳುವುದೆಂದು ಕೆಲವೇ ವರ್ಷಗಳಲ್ಲಿ ಲೋಕಕ್ಕೆ ತಿಳಿಯಿತು. ಪಕ್ಕದಲ್ಲಿ ಕುಳಿತು ಲೆಕ್ಕ ತೋರಿಸಿ ಇದು ದಾಟಬಹುದಾದ ಹೊಳೆ ಎನ್ನುವವರು ಒಬ್ಬರು ಬೇಕಾಗಿತ್ತು. ಹತ್ತು ವರ್ಷ ಹಿಂದೆ ವಿಮಾನದಲ್ಲಿ ಹೋದ ಗೆಳೆಯನ ಜಾಗ ಖಾಲಿಯೇ ಉಳಿದಿತ್ತು.

ಕಂಪೆನಿಯ ಹೆಸರಿನಲ್ಲಿದ್ದ 10,000 ಡಾಲರಿನ ಜೀವವಿಮೆಯ ಹಣ ಬಂತು. ಖಜಾಂಚಿಯಾಗಿದ್ದ ವಿಲಿಯಂ ಥಾಮಸ್ ಆ ಹಣದಿಂದ ಕಂಪೆನಿಯನ್ನು ಉಳಿಸಿ, ಲ್ಯಾನ್ಸಿಂಗರ ಪತ್ನಿಯ ಪಾಲನ್ನೂ ಕ್ರಮೇಣ ಕೊಂಡುಕೊಂಡರು. ಹೆಸರಿನ ತಕರಾರು ಮಾತ್ರ ಸತ್ತ ಮೇಲೂ ಬಿಡಲಿಲ್ಲ. ಆಲ್ಟೆಕ್‌ನವರೊಡನೆ ಆದ ಒಪ್ಪಂದಕ್ಕೆ ಸರಿಯಾಗಿ ಪೂರ್ತಿ ಹೆಸರನ್ನು ಮರೆಗೆ ಸರಿಸಿ, 1950ರ ದಶಕದ ನಡುಭಾಗದಲ್ಲಿ ಮೂರು ಅಕ್ಷರಗಳನ್ನು ಮುಂದಿಟ್ಟರು. ನಮ್ಮ ಹುಡುಗ ಕೇಳಿದ ಜೆ.ಬಿ.ಎಲ್. ಹುಟ್ಟಿದ್ದು ಹೀಗೆ.

ಅನಂತರ ಬಂದವುಗಳನ್ನು ಚುಟುಕಾಗಿ ಹೇಳುತ್ತೇವೆ. 1954ರಲ್ಲಿ ಮೂಲೆಯಲ್ಲಿ ಇಡುವ ಹಾರ್ಟ್ಸ್‌ಫೀಲ್ಡ್. 1957ರಲ್ಲಿ ಪ್ಯಾರಗಾನ್: ಎರಡು ಧ್ವನಿವರ್ಧಕಗಳನ್ನೂ ಒಂದೇ ಮರದ ಮಂಚದಂತೆ ಕೂಡಿಸಿ, ಎದುರಿಗೆ ಬಾಗಿದ ಹಲಗೆಯೊಂದಕ್ಕೆ ಧ್ವನಿ ತಗಲಿ ಚದುರುವಂತೆ ಮಾಡಿದ್ದು, ಅಗಲ ಎಂಟೂವರೆ ಅಡಿಗೂ ಮಿಕ್ಕಿ. ಅದು 1983ರವರೆಗೂ ತಯಾರಾಯಿತು. ಗಿಟಾರಿನ ಪೆಟ್ಟಿಗೆ ಮಾಡುವ ಲಿಯೋ ಫೆಂಡರ್ ಡಿ-130ನ್ನು ಆರಿಸಿಕೊಂಡರು. 1969ರಲ್ಲಿ ಕಂಪೆನಿ ಸಿಡ್ನಿ ಹಾರ್ಮನ್ನರ ಕೈಸೇರಿತು. 2017ರಲ್ಲಿ ಹಾರ್ಮನ್ ಸಂಸ್ಥೆಯನ್ನೇ ಕೊರಿಯದ ಸ್ಯಾಮ್‌ಸಂಗ್ ಕೊಂಡಿತು.

1969ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಹೊಲವೊಂದರಲ್ಲಿ ವುಡ್‌ಸ್ಟಾಕ್ ಸಂಗೀತ ಮೇಳ ನಡೆದಾಗ ನಾಲ್ಕು ಲಕ್ಷದಷ್ಟು ಜನ ಸೇರಿದ್ದರು. ಅಷ್ಟು ಜನರಿಗೆ ಕೇಳಿಸುವ ಹೊಣೆ ಬಿಲ್ ಹ್ಯಾನ್ಲಿ ಎಂಬವರದ್ದು. ಅಟ್ಟಣಿಗೆಯ ಮೇಲೆ ಅವರು ಏರಿಸಿದ ಪೆಟ್ಟಿಗೆಗಳಲ್ಲಿ ಮಂದ್ರಕ್ಕೆ ಜೆ.ಬಿ.ಎಲ್. ಸ್ಪೀಕರುಗಳಿದ್ದವು, ತಾರಕ್ಕೆ ಆಲ್ಟೆಕ್ ಕೊಂಬುಗಳು. ಹೆಸರಿಗಾಗಿ ಜಗಳವಾಡಿದ ಎರಡೂ ಕಂಪೆನಿಗಳ ಸರಕು ಒಂದೇ ಅಟ್ಟಣಿಗೆಯ ಮೇಲೆ, ಮಳೆಯಲ್ಲಿ ನೆನೆಯುತ್ತ, ಮೂರು ದಿನ ಒಟ್ಟಿಗೆ ಹಾಡಿದವು.