ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಸರಸ್ವತಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಕರ್ನಾಟಕದಲ್ಲಿ ಜನಿಸಿದ ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ, ಲೇಖಕಿ ಹಾಗೂ ಬೈಬಲ್ ಅನುವಾದಕಿ. ವಿಧವೆಯರಿಗಾಗಿ ಶಾರದಾ ಸದನವನ್ನೂ, ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಎಂಬ ಆಶ್ರಯಧಾಮವನ್ನೂ ಸ್ಥಾಪಿಸಿದರು. 1883ರಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ಇವರು, ತಮಗೆ ಮನವರಿಕೆಯಾಗದ ಸಿದ್ಧಾಂತಗಳನ್ನು ಗುರುಹಿರಿಯರ ಒತ್ತಾಯಕ್ಕೆ ಮಣಿದು ಒಪ್ಪಲಿಲ್ಲ. ಸಂದೇಹಗಳಿವೆಯೆಂದು ವಿಶ್ವಾಸವನ್ನು ತ್ಯಜಿಸಲೂ ಇಲ್ಲ. ಭಾರತೀಯ ಕ್ರೈಸ್ತ ಚಿಂತನೆಯ ಇತಿಹಾಸದಲ್ಲಿ ಇವರ ಸ್ಥಾನವನ್ನು ನಿರ್ಧರಿಸಿರುವುದು ಬಹುಮಟ್ಟಿಗೆ ಈ ನಿಲುವೇ ಆಗಿದೆ.

ಜನನ ಮತ್ತು ಬಾಲ್ಯ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಕಾರ್ಕಳ ಸಮೀಪದ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣ ಮನೆತನಕ್ಕೆ ಸೇರಿದ ಅನಂತಶಾಸ್ತ್ರಿಗಳು, ಸ್ತ್ರೀಯರು ಸಂಸ್ಕೃತ ಕಲಿಯಬಾರದೆಂಬ ಕಟ್ಟಳೆಯನ್ನು ಮೀರಿ ಪತ್ನಿಗೆ ಶಾಸ್ತ್ರಗ್ರಂಥಗಳನ್ನು ಬೋಧಿಸಿದರು. ಇದರಿಂದ ಉಂಟಾದ ವಿರೋಧದ ಕಾರಣ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮವೊಂದನ್ನು ಕಟ್ಟಿಕೊಂಡು ನೆಲೆಸಿದರು. ರಮಾಬಾಯಿ ಜನಿಸಿದ್ದು ಅಲ್ಲಿಯೇ. ಮಗುವಿಗೆ ಆರು ತಿಂಗಳಾಗುವ ವೇಳೆಗೆ ಕುಟುಂಬವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ದೇವಾಲಯಗಳಲ್ಲಿ ಪುರಾಣಪಠನ ಮಾಡಿ ದೊರೆತ ಕಾಣಿಕೆಯೇ ಇವರ ಜೀವನೋಪಾಯವಾಗಿತ್ತು. ತಾಯಿಯಿಂದಲೇ ಸಂಸ್ಕೃತ ಕಲಿತ ರಮಾಬಾಯಿಗೆ ಮರಾಠಿ, ಕನ್ನಡ, ಹಿಂದೂಸ್ತಾನಿ ಮತ್ತು ಬಂಗಾಳಿ ಭಾಷೆಗಳೂ ತಿಳಿದಿದ್ದವು.

ಕ್ಷಾಮ ಮತ್ತು ವಿಶ್ವಾಸದ ಬಿಕ್ಕಟ್ಟು

1870ರ ದಶಕದ ಕ್ಷಾಮದಲ್ಲಿ ಕುಟುಂಬವು ನಿರ್ಗತಿಕವಾಯಿತು. ದೈವಾನುಗ್ರಹದ ನಿರೀಕ್ಷೆಯಿಂದ ಇದ್ದ ಹಣವನ್ನೆಲ್ಲ ದಾನಧರ್ಮ, ವ್ರತಾಚರಣೆಗಳಿಗೆ ವ್ಯಯಿಸಿ, ಕೊನೆಗೆ ಎಲೆಗಳನ್ನು ತಿಂದು ದಿನ ಕಳೆಯುವ ಸ್ಥಿತಿಗೆ ಬಂದರು. 1874ರಲ್ಲಿ ತಂದೆಯೂ, ಅನಂತರ ತಾಯಿ ಮತ್ತು ಅಕ್ಕ ಕೃಷ್ಣಾಬಾಯಿಯೂ ಮೃತರಾದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ನಿಯಮದಂತೆ ಆಚರಿಸಿದ ವ್ರತಗಳಿಗೆ ಯಾವ ಉತ್ತರವೂ ಬಾರದಿದ್ದುದು ಇವರ ಪೂರ್ವದ ವಿಶ್ವಾಸವನ್ನು ಸಡಿಲಗೊಳಿಸಿತು. ನಿಯಮಗಳನ್ನು ಪಾಲಿಸಿದರೆ ಫಲವು ನಿಶ್ಚಿತವೆಂಬ ಮಾತನ್ನು ಮುಂದೆ ಯಾವ ಧರ್ಮದವರು ಹೇಳಿದರೂ ಇವರು ಪರೀಕ್ಷಿಸದೆ ಒಪ್ಪಲಿಲ್ಲ.

ಕಲ್ಕತ್ತೆ, ವಿವಾಹ ಮತ್ತು ವೈಧವ್ಯ

ಅಣ್ಣ ತಂಗಿಯರು ಬಹುತೇಕ ಕಾಲ್ನಡಿಗೆಯಲ್ಲೇ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಅಲ್ಲಿನ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಸ್ತ್ರೀಯರಿಗೆ ಉಪನ್ಯಾಸ ನೀಡುವ ಸಲುವಾಗಿ ಧರ್ಮಶಾಸ್ತ್ರಗಳನ್ನು ಓದಿದಾಗ, ಬೇರೆ ವಿಷಯಗಳಲ್ಲಿ ಪರಸ್ಪರ ಭಿನ್ನವಾಗಿದ್ದ ಆ ಗ್ರಂಥಗಳು ಸ್ತ್ರೀಯರನ್ನೂ ಶೂದ್ರರನ್ನೂ ಕೀಳಾಗಿ ಕಾಣುವುದರಲ್ಲಿ ಏಕಾಭಿಪ್ರಾಯ ಹೊಂದಿವೆಯೆಂದು ಇವರಿಗೆ ತೋರಿತು.

1880ರಲ್ಲಿ ಶ್ರೀನಿವಾಸ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ರಮಾಬಾಯಿಯವರು ಅನ್ಯಜಾತಿಯ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ವಿವಾಹವಾದರು. 1881ರಲ್ಲಿ ಮಗಳು ಮನೋರಮಾ ಜನಿಸಿದಳು. 1882ರ ಫೆಬ್ರುವರಿಯಲ್ಲಿ ಪತಿ ಕಾಲರಾದಿಂದ ನಿಧನ ಹೊಂದಿದರು. ಅಸ್ಸಾಮಿನ ಸಿಲ್ಚರ್‌ನಲ್ಲಿದ್ದಾಗ ಮನೆಯ ಪುಸ್ತಕಗಳ ನಡುವೆ ಸಿಕ್ಕಿದ ಬಂಗಾಳಿ ಲೂಕನ ಸುವಾರ್ತೆಯು ಕ್ರೈಸ್ತ ಧರ್ಮದತ್ತ ಇವರ ಆಸಕ್ತಿಯನ್ನು ಸೆಳೆದಿತ್ತು.

ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು ಮತ್ತು ಹಂಟರ್ ಶಿಕ್ಷಣ ಆಯೋಗದ ಮುಂದೆ ಸ್ತ್ರೀಶಿಕ್ಷಣ ಹಾಗೂ ಮಹಿಳಾ ವೈದ್ಯರ ಅಗತ್ಯದ ಕುರಿತು ಹೇಳಿಕೆ ನೀಡಿದರು.

ಇಂಗ್ಲೆಂಡ್ ವಾಸ ಮತ್ತು ದೀಕ್ಷಾಸ್ನಾನ

ವೈದ್ಯಕೀಯ ಶಿಕ್ಷಣದ ಉದ್ದೇಶದಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದ ರಮಾಬಾಯಿಯವರು ವಾಂಟೇಜ್‌ನ ಆಂಗ್ಲಿಕನ್ ಸಂನ್ಯಾಸಿನಿಯರ ಆಶ್ರಯದಲ್ಲಿ ಉಳಿದರು. ಶ್ರವಣದೋಷದಿಂದಾಗಿ ವೈದ್ಯಕೀಯ ಶಿಕ್ಷಣ ಸಾಧ್ಯವಾಗಲಿಲ್ಲ. ಜೊತೆಯಲ್ಲಿ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಸಮಾಜವು ಪತಿತೆಯರೆಂದು ತಳ್ಳಿದ ಸ್ತ್ರೀಯರಿಗಾಗಿ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಗೃಹವೂ, ಯೊಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಸ್ತ್ರೀಯ ಪ್ರಸಂಗವೂ ಇವರ ಮನಸ್ಸನ್ನು ಆಳವಾಗಿ ತಟ್ಟಿದವು. ಕ್ರೈಸ್ತರಾಗಿದ್ದ ಚಿತ್ಪಾವನ ಪಂಡಿತ ನೆಹೆಮಿಯ ಗೋರೆಯವರ ಬರಹವೂ ಪ್ರಭಾವ ಬೀರಿತು. ಗೋರೆಯವರು ಸ್ವತಃ ದೀಕ್ಷಾಸ್ನಾನದ ನಂತರವೂ ದೀರ್ಘಕಾಲ ಸಂದೇಹಗಳೊಡನೆ ಸೆಣಸಿದವರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಸಿದ್ಧಾಂತಗಳ ಕುರಿತ ಜಿಜ್ಞಾಸೆ

ದೀಕ್ಷಾಸ್ನಾನದ ನಂತರವೇ ರಮಾಬಾಯಿಯವರ ಪ್ರಶ್ನೆಗಳು ತೀವ್ರಗೊಂಡವು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ವಿದ್ಯಾರ್ಥಿನಿಯಾಗಿಯೂ ಸಂಸ್ಕೃತದ ಅಧ್ಯಾಪಕಿಯಾಗಿಯೂ ಇದ್ದ ಅವಧಿಯಲ್ಲಿ, ಧರ್ಮಮಾತೆಯ ಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್ ಹಾಗೂ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರದಲ್ಲಿ ತ್ರಯೇಕತ್ವ, ಕ್ರಿಸ್ತನ ದೈವತ್ವ, ಅದ್ಭುತಕಾರ್ಯಗಳು ಮತ್ತು ಸಭೆಯ ಅಧಿಕಾರ ಇವುಗಳ ಬಗ್ಗೆ ನೇರವಾಗಿ ಸಂದೇಹ ವ್ಯಕ್ತಪಡಿಸಿದರು. ಅಥನೇಸಿಯಸ್‌ನ ವಿಶ್ವಾಸಪ್ರಮಾಣವನ್ನು ಅರ್ಥವಾಗದೆ ಉಚ್ಚರಿಸುವುದು ತಮ್ಮ ಅಂತಃಸಾಕ್ಷಿಗೆ ಒಪ್ಪದೆಂದು ಸ್ಪಷ್ಟಪಡಿಸಿದರು. ಒಂದು ಪುರೋಹಿತವರ್ಗದ ಅಧಿಕಾರದಿಂದ ಹೊರಬಂದು ಮತ್ತೊಂದಕ್ಕೆ ಒಳಗಾಗಲು ಇವರು ಸಿದ್ಧರಿರಲಿಲ್ಲ. ಸಸ್ಯಾಹಾರವನ್ನು ಮುಂದುವರಿಸಿದರು, ಶಿಲುಬೆಯ ಮೇಲಿನ ಲ್ಯಾಟಿನ್ ಬರಹದ ಬದಲು ಸಂಸ್ಕೃತ ಇರಬೇಕೆಂದು ಬಯಸಿದರು.

ಜೆರಾಲ್ಡಿನ್ ಇದನ್ನು ಅಹಂಕಾರವೆಂದು ಭಾವಿಸಿ ನೊಂದುಕೊಂಡರು. ಸ್ವತಃ ಸಂದೇಹದ ಕಾಲವನ್ನು ದಾಟಿ ಬಂದಿದ್ದ ಬೀಲ್ ಅವರು ಪ್ರಶ್ನೆಗಳಿಗೆ ಅವಕಾಶ ನೀಡಿ ಚರ್ಚೆಯನ್ನು ಮುಂದುವರಿಸಿದರು. ಈ ಪತ್ರಗಳು 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಭಗವಂತನ ಸ್ವರೂಪವನ್ನು ಪೂರ್ಣವಾಗಿ ಅರಿಯದೆಯೂ ಅವನನ್ನು ನಂಬಬಹುದು, ಆದರೆ ಅರಿತಂತೆ ನಟಿಸಬಾರದು ಎಂಬುದು ಇವುಗಳಲ್ಲಿ ಕಂಡುಬರುವ ನಿಲುವಿನ ಸಾರ.

ಶಾರದಾ ಸದನ

1886ರಲ್ಲಿ ಅಮೆರಿಕಕ್ಕೆ ತೆರಳಿ, ವೈದ್ಯೆ ಆನಂದೀಬಾಯಿ ಜೋಶಿಯವರ ಪದವಿ ಪ್ರದಾನ ಸಮಾರಂಭದಲ್ಲಿ ಭಾಗವಹಿಸಿದರು. 1887ರಲ್ಲಿ ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಇವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಅಲ್ಲಿ ರೂಪುಗೊಂಡ ರಮಾಬಾಯಿ ಸಂಘದ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾದ ಬಾಲವಿಧವೆ ಗೋದೂಬಾಯಿ ಇಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು.

ಸದನದಲ್ಲಿ ಧರ್ಮಬೋಧನೆ ಕೂಡದೆಂಬ ನಿಯಮವಿತ್ತು. ಆದರೆ ರಮಾಬಾಯಿಯವರ ಖಾಸಗಿ ಪ್ರಾರ್ಥನೆಯಲ್ಲಿ ಕೆಲವು ಹುಡುಗಿಯರು ಪಾಲ್ಗೊಳ್ಳುತ್ತಿದ್ದುದು ವಿವಾದಕ್ಕೆ ಕಾರಣವಾಯಿತು. ಬಾಲಗಂಗಾಧರ ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ಮಹಾದೇವ ಗೋವಿಂದ ರಾನಡೆ ಮತ್ತು ಆರ್. ಜಿ. ಭಂಡಾರ್ಕರ್ ಸಲಹಾ ಮಂಡಳಿಗೆ ರಾಜೀನಾಮೆ ಇತ್ತರು. ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಇದೇ ಕಾಲಘಟ್ಟದಲ್ಲಿ, 1891ರ ಸುಮಾರಿಗೆ, ರಮಾಬಾಯಿಯವರ ಅಂತರಂಗದಲ್ಲಿ ಮಹತ್ವದ ಬದಲಾವಣೆಯಾಯಿತು. ತಾವು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲವೆಂದು 1907ರ ಆತ್ಮನಿವೇದನೆಯಲ್ಲಿ ಅವರು ದಾಖಲಿಸಿದ್ದಾರೆ. ಪಾದ್ರಿಯಾಗಿ ಎಷ್ಟೋ ಕಾಲದ ನಂತರ ನಿಜವಾದ ಪರಿವರ್ತನೆ ಹೊಂದಿದ ವಿಲಿಯಂ ಹ್ಯಾಸ್ಲಮ್ ಅವರ ಆತ್ಮಕಥೆ ಇದಕ್ಕೆ ಪ್ರೇರಣೆಯಾಗಿತ್ತು. ಇಂಗ್ಲೆಂಡಿನಲ್ಲಿ ವಾದದಿಂದ ಬಗೆಹರಿಯದಿದ್ದ ವಿಷಯಗಳು ಇಲ್ಲಿ ಅನುಭವದ ನೆಲೆಗೆ ಸರಿದವು.

ಮುಕ್ತಿ ಮಿಷನ್

1896–97ರ ಕ್ಷಾಮಕಾಲದಲ್ಲಿ ರಮಾಬಾಯಿಯವರು ಮಧ್ಯಪ್ರಾಂತದಿಂದ ಸುಮಾರು 300 ಬಾಲಕಿಯರನ್ನೂ ಸ್ತ್ರೀಯರನ್ನೂ ಕರೆತಂದು ಕೇಡಗಾಂವದಲ್ಲಿ ನೆಲೆಗೊಳಿಸಿದರು. ತಾವೇ ಕ್ಷಾಮದಲ್ಲಿ ಹೆತ್ತವರನ್ನು ಕಳೆದುಕೊಂಡ ನೆನಪು ಈ ಕಾರ್ಯದ ಹಿಂದಿತ್ತು. 1900ರ ಗುಜರಾತ್ ಕ್ಷಾಮದ ಬಳಿಕ ನಿವಾಸಿಗಳ ಸಂಖ್ಯೆ ಸಾವಿರವನ್ನು ಮೀರಿತು. ಕೃಷಿ, ನೇಯ್ಗೆ, ಮುದ್ರಣ ಮೊದಲಾದ ಕಸುಬುಗಳಲ್ಲಿ ತರಬೇತಿ ನೀಡಲಾಯಿತು. ಶೋಷಿತ ಸ್ತ್ರೀಯರಿಗಾಗಿ ಕೃಪಾ ಸದನವೂ, ಅಂಧರಿಗಾಗಿ ಬ್ರೈಲ್ ಶಿಕ್ಷಣವೂ ಆರಂಭವಾದವು.

1905ರಲ್ಲಿ ಮುಕ್ತಿಯಲ್ಲಿ ಧಾರ್ಮಿಕ ಜಾಗೃತಿಯೊಂದು ಉಂಟಾಯಿತು. ಬಾಲಕಿಯರು ಗಟ್ಟಿಯಾಗಿ ಅಳುತ್ತ, ಒಟ್ಟಾಗಿ ಧ್ವನಿಯೆತ್ತಿ ಪ್ರಾರ್ಥಿಸುತ್ತಿದ್ದುದನ್ನು ಹಲವರು ಅಶಿಸ್ತೆಂದು ಟೀಕಿಸಿದರು. ರಮಾಬಾಯಿಯವರು ಅದನ್ನು ತಡೆಯಲಿಲ್ಲ. ತಮಗೂ ಪೂರ್ಣವಾಗಿ ತಿಳಿಯದ ಅನುಭವವೆಂಬ ಕಾರಣಕ್ಕೆ ಅದನ್ನು ಅಡಗಿಸುವುದು ಸರಿಯಲ್ಲವೆಂದೂ, ಭಾರತೀಯ ಸ್ತ್ರೀಯರು ಪಾಶ್ಚಾತ್ಯರ ರೀತಿಯಲ್ಲೇ ಪ್ರಾರ್ಥಿಸಬೇಕೆಂಬ ಕಟ್ಟಳೆಯಿಲ್ಲವೆಂದೂ ಅವರ ಅಭಿಪ್ರಾಯವಾಗಿತ್ತು. ಅಂತೆಯೇ ಪರಭಾಷೆಗಳಲ್ಲಿ ಮಾತನಾಡುವುದೇ ಪವಿತ್ರಾತ್ಮನ ಏಕೈಕ ಗುರುತೆಂಬ ವಾದವನ್ನೂ ಅವರು ಒಪ್ಪಲಿಲ್ಲ.

ಗುಲ್ಬರ್ಗದ ಶಾಲೆ

1912ರಲ್ಲಿ ಮಗಳು ಮನೋರಮಾ ಅವರ ನೆರವಿನಿಂದ ರಮಾಬಾಯಿಯವರು ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) ಕ್ರೈಸ್ತ ಪ್ರೌಢಶಾಲೆಯೊಂದನ್ನು ಸ್ಥಾಪಿಸಿದರು. ಮನೋರಮಾ ಅದರ ಮುಖ್ಯಸ್ಥೆಯಾದರು. ಗುಲ್ಬರ್ಗವೂ, ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಬೀದರ, ಭಾಲ್ಕಿ, ಔರಾದ ಪ್ರದೇಶವೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕನ್ನಡ ನಾಡಿನಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ಅದನ್ನು ತೊರೆದ ರಮಾಬಾಯಿಯವರ ಕಾರ್ಯವು ಈ ಶಾಲೆಯ ಮೂಲಕ ಮತ್ತೆ ಕನ್ನಡ ಪ್ರದೇಶವನ್ನು ತಲುಪಿತು.

ಬೈಬಲ್ ಅನುವಾದ

ಜೀವನದ ಕೊನೆಯ ವರ್ಷಗಳನ್ನು ರಮಾಬಾಯಿಯವರು ಬೈಬಲ್ಲಿನ ಮರಾಠಿ ಅನುವಾದಕ್ಕೆ ಮೀಸಲಿಟ್ಟರು. ಇದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಕಲಿತರು. ಸಂಸ್ಕೃತದಲ್ಲಿ ಅಷ್ಟು ಪಾಂಡಿತ್ಯವಿದ್ದರೂ ಅಕ್ಷರ ಬಲ್ಲ ಸಾಮಾನ್ಯ ಹೆಣ್ಣುಮಕ್ಕಳಿಗೆ ತಿಳಿಯುವಂತೆ ಸರಳ ಮರಾಠಿಯನ್ನೇ ಆಯ್ದುಕೊಂಡರು. ಅಚ್ಚಿನ ಕೆಲಸವನ್ನು ಮುಕ್ತಿಯ ಸ್ತ್ರೀಯರೇ ನಿರ್ವಹಿಸಿದರು. ಪೂರ್ಣ ಗ್ರಂಥವು ಇವರ ಮರಣಾನಂತರ 1924ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಗೌರವಗಳು

ಉತ್ತರಾಧಿಕಾರಿಯೆಂದು ಭಾವಿಸಿದ್ದ ಮನೋರಮಾ 1921ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು. ಈ ಆಘಾತದ ನಡುವೆಯೂ ರಮಾಬಾಯಿಯವರು ಅನುವಾದವನ್ನು ಕೈಬಿಡಲಿಲ್ಲ. ಅದನ್ನು ಪೂರ್ಣಗೊಳಿಸಿ 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನರಾದರು.

1919ರಲ್ಲಿ ಬ್ರಿಟಿಷ್ ಸರ್ಕಾರ ಇವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತ್ತು. 1989ರಲ್ಲಿ ಭಾರತ ಸರ್ಕಾರ ಇವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಆಂಗ್ಲಿಕನ್ ಸಭೆಯು ಏಪ್ರಿಲ್ ತಿಂಗಳಲ್ಲಿ ಇವರನ್ನು ಸ್ಮರಿಸುತ್ತದೆ. ಶುಕ್ರಗ್ರಹದ ಕುಳಿಯೊಂದಕ್ಕೆ ಇವರ ಹೆಸರಿಡಲಾಗಿದೆ. ಕೇಡಗಾಂವದ ಮುಕ್ತಿ ಮಿಷನ್ ಇಂದಿಗೂ ಸ್ತ್ರೀಯರಿಗೂ ಮಕ್ಕಳಿಗೂ ಆಶ್ರಯ ನೀಡುತ್ತಿದೆ.