ತೋಟ ಬಿಟ್ಟು ಹೋಗದ ಭಕ್ತ: ಸಂತ ಸಾವತಾ ಮಾಳಿ

 

ಇವತ್ತು ನಾನು ಹೇಳುವುದು ಅಯ್ಯಪ್ಪನ ಭಕ್ತರ ಕಥೆಯಲ್ಲ, ವಿಠ್ಠಲನ ಭಕ್ತರೊಬ್ಬರ ಕಥೆ. ಪುಣೆ, ಮುಂಬೈ ಕಡೆಯ ಸ್ವಾಮಿಗಳು ಸಾವತಾ ಮಾಳಿ ಎಂಬ ಹೆಸರನ್ನು ಕೇಳಿರುತ್ತೀರಿ. ರಜೆ ಸಿಗದೆಯೋ, ಮನೆಯ ಪರಿಸ್ಥಿತಿಯಿಂದಲೋ ಈ ಸಲ ಮಲೆಗೆ ಹೋಗಲು ಆಗುತ್ತಿಲ್ಲ ಎಂದು ಕೊರಗುವ ಕಿರಿಯ ಸ್ವಾಮಿಗಳು ಇದನ್ನು ಪೂರ್ತಿ ಓದಿ.

ಪುಣೆಯಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಮೋಡನಿಂಬ್ ಎಂಬ ಊರು ಬರುತ್ತದೆ. ಅದರ ಹತ್ತಿರವೇ ಅರಣ್ ಗ್ರಾಮ. ಸಾವತಾ ಮಾಳಿ ಅಲ್ಲಿ 1250ರಲ್ಲಿ ಹುಟ್ಟಿದರು. ಮಾಳಿ ಎಂದರೆ ತೋಟಗಾರ. ಅವರ ಅಜ್ಜ ದೇವು ಮಾಳಿ ಪಂಢರಪುರದ ವಾರಕರಿ. ಹಾಗಾಗಿ ಮನೆಯಲ್ಲಿ ವಿಠ್ಠಲನ ನಾಮ ಮೊದಲಿನಿಂದಲೂ ಇತ್ತು. ಹೆಂಡತಿ ಜನಾಬಾಯಿ, ಇಬ್ಬರು ಮಕ್ಕಳು, ಒಂದು ತೋಟ, ಒಂದು ಬಾವಿ. ಇಷ್ಟೇ ಅವರ ಸಂಸಾರ.

ತೋಟದ ಕೆಲಸ ಮಾಡಿದವರಿಗೆ ಗೊತ್ತು, ಗಿಡಕ್ಕೆ ಏಕಾದಶಿ ಗೊತ್ತಿಲ್ಲ, ಹಬ್ಬವೂ ಗೊತ್ತಿಲ್ಲ. ಕಪಿಲೆ ಹೊಡೆದು ನೀರೆತ್ತಬೇಕು, ಪಾತಿಗೆ ಹಾಯಿಸಬೇಕು, ಕಳೆ ಕೀಳಬೇಕು. ಎರಡು ದಿನ ಬಿಟ್ಟರೆ ಸೊಪ್ಪು ಬಾಡುತ್ತದೆ. ಆಷಾಢ ಬಂದರೆ ಸುತ್ತಲಿನ ಸೀಮೆಯೆಲ್ಲ ಪಂಢರಪುರದ ದಾರಿ ಹಿಡಿಯುತ್ತದೆ. ಆದರೆ ಸಾವತಾ ಮಾಳಿ ತೋಟ ಬಿಟ್ಟು ಹೋಗಲಿಲ್ಲ ಎಂದೇ ಸಂಪ್ರದಾಯ ಹೇಳುತ್ತದೆ. ಪಂಢರಪುರ ಅವರಿಗೆ ದೂರವೇನೂ ಇರಲಿಲ್ಲ. ದೇವರ ಮೇಲೆ ಪ್ರೀತಿ ಕಡಿಮೆಯೂ ಇರಲಿಲ್ಲ. ತನಗೆ ಒಪ್ಪಿಸಿರುವ ಈ ನೆಲವನ್ನು ನೋಡಿಕೊಳ್ಳುವುದೇ ವಿಠ್ಠಲನ ಪೂಜೆ ಎಂದು ಅವರು ನಂಬಿದ್ದರು. ಕೈಯಲ್ಲಿ ಕುರ್ಪಿ, ಬಾಯಲ್ಲಿ ನಾಮ.

ಅವರ ಹೆಸರಿನಲ್ಲಿ ಸುಮಾರು 37 ಅಭಂಗಗಳು ಉಳಿದಿವೆ. ಅವನ್ನು ಬರೆದಿಟ್ಟವರು ಕಾಶೀಬಾ ಗುರವ. ಅವುಗಳಲ್ಲಿ ಬಾವಿ, ಹಗ್ಗ, ತರಕಾರಿಯ ಮಾತುಗಳು ಬರುತ್ತವೆ. ನಾವು ವ್ರತದ ದಿನಗಳಲ್ಲಿ ಬಿಡುವ ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅವರು ವಿಠ್ಠಲನನ್ನೇ ಕಂಡರು. ಹಾಗೆಂದು ನಮ್ಮ ನೇಮ ಸಡಿಲವಾಗುವುದಿಲ್ಲ. ನಮಗೆ ಬಿಡುವುದು ಸೇವೆ, ಅವರಿಗೆ ಬೆಳೆಯುವುದೇ ಸೇವೆ.

ಅವರ ಬಗ್ಗೆ ವಾರಕರಿಗಳು ಹೇಳುವ ಒಂದು ಕಥೆ ಇದೆ. ಪೈಠಣದಲ್ಲಿ ಕೂರ್ಮದಾಸ ಎಂಬ ಭಕ್ತ. ಕೈಕಾಲು ಇಲ್ಲ. ನೆಲದ ಮೇಲೆ ಹೊರಳುತ್ತಲೇ ಪಂಢರಪುರಕ್ಕೆ ಹೊರಟ. ಅರಣ್ ಹತ್ತಿರದ ಲಹೂಳ ಗ್ರಾಮ ಮುಟ್ಟುವಷ್ಟರಲ್ಲಿ ಏಕಾದಶಿ ಬಂದೇಬಿಟ್ಟಿತು, ಮುಂದೆ ಹೋಗುವ ಶಕ್ತಿ ಉಳಿದಿರಲಿಲ್ಲ. ಆಗ ವಿಠ್ಠಲನೇ ಜ್ಞಾನೇಶ್ವರ ಮತ್ತು ನಾಮದೇವರ ಜೊತೆ ಅವನನ್ನು ನೋಡಲು ಹೊರಟ. ದಾರಿಯಲ್ಲಿ ಸಾವತಾ ಮಾಳಿಯ ತೋಟಕ್ಕೆ ನುಗ್ಗಿ, ತನ್ನನ್ನು ಎಲ್ಲಾದರೂ ಬಚ್ಚಿಡು ಎಂದು ಕೇಳಿದನಂತೆ. ಸಾವತಾ ಕುರ್ಪಿಯಿಂದ ತಮ್ಮ ಎದೆಯನ್ನೇ ಸೀಳಿ ದೇವರನ್ನು ಒಳಗಿಟ್ಟುಕೊಂಡು ಕಂಬಳಿ ಹೊದ್ದರು. ನಾಮದೇವರು ತೋಟವೆಲ್ಲ ಹುಡುಕಿ ಸೋತು, ಕೊನೆಗೆ ಪೀತಾಂಬರದ ಅಂಚನ್ನು ಅಲ್ಲಿ ಕಂಡರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ವಿಷಯ. ಒಬ್ಬ ಭಕ್ತ ಹೊರಟರೂ ತಲುಪಲಾರದವನು, ಇನ್ನೊಬ್ಬ ಕೆಲಸ ಬಿಟ್ಟು ಹೊರಡಲಾರದವನು. ದೇವರು ಇಬ್ಬರ ಬಳಿಗೂ ತಾನೇ ಬಂದ.

ಸಾವತಾ ಮಾಳಿ 1295ರಲ್ಲಿ, ಸುಮಾರು 45ನೆಯ ವಯಸ್ಸಿನಲ್ಲಿ ಅರಣ್‌ನಲ್ಲೇ ದೇಹ ಬಿಟ್ಟರು. ಸಮಾಧಿಯೂ ಅಲ್ಲೇ ಇದೆ. ಆಷಾಢದಲ್ಲಿ ಸಂತರ ಪಾಲಕಿಗಳು ಪಂಢರಪುರಕ್ಕೆ ಹೋಗುತ್ತವೆ. ಆದರೆ ಸಾವತಾ ಮಾಳಿಯ ಪುಣ್ಯತಿಥಿಗೆ ಪಂಢರಪುರದಿಂದ ವಿಠ್ಠಲನ ಪಾಲಕಿಯೇ ಅರಣ್‌ಗೆ ಬರುತ್ತದೆ.

ಸ್ವಾಮಿಗಳೇ, ಈ ವರ್ಷ ನಾನೂ ಇರುಮುಡಿ ಕಟ್ಟುತ್ತಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾರೆ, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸಬೇಕು. ಜೊತೆಯವರೆಲ್ಲ ರೈಲು ಹತ್ತುವಾಗ ನೋವಾಗುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಶರಣು ಕೂಗಿ, ಅಮ್ಮನಿಗೆ ಗಂಜಿ ಕುಡಿಸುವಾಗ ಅರಣ್‌ನ ತೋಟ ನೆನಪಾಗುತ್ತದೆ.

ಹೋಗಲು ಸಾಧ್ಯವಿದ್ದವರು ಖಂಡಿತ ಹೋಗಿ. ಸೋಮಾರಿತನಕ್ಕೆ ಸಾವತಾ ಮಾಳಿಯ ಹೆಸರನ್ನು ನೆಪ ಮಾಡಿಕೊಳ್ಳಬೇಡಿ, ಅವರು ಒಂದು ದಿನವೂ ಸುಮ್ಮನೆ ಕೂತವರಲ್ಲ. ಆಗದವರು ನೈಟ್ ಶಿಫ್ಟ್ ಇರಲಿ, ಪಿಜಿ ರೂಮಿನ ಒಂದು ಮೂಲೆ ಇರಲಿ, ಅಲ್ಲೇ ದೀಪ ಹಚ್ಚಿ. ಕೈಯಲ್ಲಿರುವ ಕೆಲಸವನ್ನು ಮೋಸವಿಲ್ಲದೆ ಮಾಡಿ. ಹೋಗುವ ಸ್ವಾಮಿಯ ಇರುಮುಡಿಗೆ ನಿಮ್ಮ ಪಾಲಿನ ಒಂದು ಹಿಡಿ ಅಕ್ಕಿ ಹಾಕಿ ಕಳಿಸಿ.

ಸ್ವಾಮಿ ಶರಣಂ.