ಎಲೀನರ್ ಗ್ಲೂಕ್

ಎಲೀನರ್ ಟುರಾಫ್ ಗ್ಲೂಕ್ (ಏಪ್ರಿಲ್ 12, 1898 – ಸೆಪ್ಟೆಂಬರ್ 25, 1972) ಅಮೆರಿಕದ ಅಪರಾಧಶಾಸ್ತ್ರಜ್ಞೆ. ಶಿಕ್ಷೆ ಮುಗಿಸಿ ಹೊರಬಂದವರಲ್ಲಿ ಕೆಲವರು ಮತ್ತೆ ಅಪರಾಧಕ್ಕೆ ಮರಳುವುದೇಕೆ, ಕೆಲವರು ಮರಳದೆ ಉಳಿಯುವುದೇಕೆ ಎಂಬುದನ್ನು ಅದೇ ವ್ಯಕ್ತಿಗಳ ಬದುಕನ್ನು ವರ್ಷಾನುಗಟ್ಟಲೆ ಗಮನಿಸಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಇವರೊಬ್ಬರು. ಪತಿ ಶೆಲ್ಡನ್ ಗ್ಲೂಕ್ ಅವರೊಡನೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಇವರ ಸಂಶೋಧನೆಗಳು ಎಷ್ಟು ಪ್ರಸಿದ್ಧವೋ ಅಷ್ಟೇ ವಿವಾದಾಸ್ಪದವೂ ಆಗಿವೆ.

ಆರಂಭಿಕ ಜೀವನ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಎಲೀನರ್ ಜನಿಸಿದರು. ಬರ್ನಾರ್ಡ್ ಕಾಲೇಜಿನಲ್ಲಿ ಪದವಿ ಪಡೆದು, ಸಮಾಜಕಾರ್ಯದಲ್ಲಿ ತರಬೇತಿ ಹೊಂದಿ, ಬಾಸ್ಟನ್‌ನ ಡಾರ್ಚೆಸ್ಟರ್ ಪ್ರದೇಶದಲ್ಲಿ ಕೆಲಕಾಲ ಸಮಾಜಸೇವಾ ಕಾರ್ಯಕರ್ತೆಯಾಗಿದ್ದರು. ಮನೋವೈದ್ಯ ಬರ್ನಾರ್ಡ್ ಗ್ಲೂಕ್ ಅವರ ಮೂಲಕ ಅವರ ತಮ್ಮ ಶೆಲ್ಡನ್‌ರ ಪರಿಚಯವಾಯಿತು. 1922ರಲ್ಲಿ ಇಬ್ಬರೂ ವಿವಾಹವಾದರು. ಎಲೀನರ್ 1925ರಲ್ಲಿ ಹಾರ್ವರ್ಡ್‌ನಿಂದ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ದಂಪತಿಗಳ ಏಕಮಾತ್ರ ಪುತ್ರಿ ತಂದೆತಾಯಿಯರ ಜೀವಿತಕಾಲದಲ್ಲೇ ತೀರಿಕೊಂಡಳು.

ಐನೂರು ಅಪರಾಧಿಗಳ ಅಧ್ಯಯನ

ಹಾರ್ವರ್ಡ್‌ನಲ್ಲಿ ಸಾಮಾಜಿಕ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಿಚರ್ಡ್ ಕ್ಯಾಬಟ್ ಮೂಲತಃ ವೈದ್ಯರು. ರೋಗಿ ಬದುಕಿದ್ದಾಗ ವೈದ್ಯರು ಮಾಡಿದ ರೋಗನಿರ್ಣಯವನ್ನು ಮರಣೋತ್ತರ ಪರೀಕ್ಷೆಯೊಡನೆ ಹೋಲಿಸಿ, ತಪ್ಪಿದ್ದರೆ ತೆರೆದ ಸಭೆಯಲ್ಲಿ ಒಪ್ಪಿಕೊಳ್ಳುವ ಪದ್ಧತಿಗೆ ಅವರು ಹೆಸರಾಗಿದ್ದರು. ಸೆರೆಮನೆಗಳ ಕೆಲಸಕ್ಕೂ ಇಂಥದೊಂದು ಪರೀಕ್ಷೆ ಬೇಕಲ್ಲವೇ ಎಂಬ ಯೋಚನೆಗೆ ಅವರ ಬೆಂಬಲ ದೊರೆತದ್ದು ಸಹಜವೇ. ಅಂದಿನವರೆಗೆ ಸುಧಾರಣಾಗೃಹಗಳ ಯಶಸ್ಸನ್ನು ಅಳೆಯುತ್ತಿದ್ದವರು ಬಹುಮಟ್ಟಿಗೆ ಆ ಸಂಸ್ಥೆಗಳೇ. ಬಿಡುಗಡೆಯಾದವನು ಪೆರೋಲ್ ಅವಧಿಯಲ್ಲಿ ಸಿಕ್ಕಿಬೀಳದಿದ್ದರೆ ಸುಧಾರಿಸಿದನೆಂದೇ ಲೆಕ್ಕ. ಆಮೇಲೆ ಅವನು ಏನಾದನೆಂದು ಹುಡುಕಿ ಹೋದವರು ವಿರಳ.

ಗ್ಲೂಕ್ ದಂಪತಿಗಳು ಹುಡುಕಿ ಹೊರಟರು. ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್‌ನಲ್ಲಿದ್ದ ಸುಧಾರಣಾಗೃಹದಿಂದ ಹೊರಬಂದು, 1921 ಹಾಗೂ 1922ರಲ್ಲಿ ಶಿಕ್ಷೆಯ ಅವಧಿ ಪೂರ್ಣಗೊಳಿಸಿದ 510 ಪುರುಷರನ್ನು ಆರಿಸಿಕೊಂಡು, ನಂತರದ ಐದು ವರ್ಷಗಳಲ್ಲಿ ಅವರು ಹೇಗೆ ಬಾಳಿದರೆಂದು ತನಿಖೆ ಮಾಡಿದರು. ಪೊಲೀಸ್ ಮತ್ತು ನ್ಯಾಯಾಲಯದ ದಾಖಲೆಗಳನ್ನಷ್ಟೇ ನಂಬದೆ, ಆ ವ್ಯಕ್ತಿಗಳನ್ನೂ ಅವರ ಮನೆಯವರನ್ನೂ ಕೆಲಸ ಕೊಟ್ಟವರನ್ನೂ ವಿಚಾರಿಸಿ, ಒಂದು ಮೂಲದ ಮಾಹಿತಿಯನ್ನು ಇನ್ನೊಂದರೊಡನೆ ತಾಳೆ ನೋಡಿದರು. 1930ರಲ್ಲಿ 'ಫೈವ್ ಹಂಡ್ರೆಡ್ ಕ್ರಿಮಿನಲ್ ಕರಿಯರ್ಸ್' ಎಂಬ ಹೆಸರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು ಶೇ. 80ರಷ್ಟು ಮಂದಿ ಮತ್ತೆ ಅಪರಾಧವೆಸಗಿದ್ದರು. ಸುಧಾರಣಾಗೃಹಗಳ ಬಗ್ಗೆ ಭರವಸೆಯಿಟ್ಟಿದ್ದವರಿಗೆ ಇದು ದೊಡ್ಡ ಆಘಾತ.

ಅಧ್ಯಯನವನ್ನು ಅಷ್ಟಕ್ಕೇ ನಿಲ್ಲಿಸದಿದ್ದುದು ಈ ಕಾರ್ಯದ ಹಿರಿಮೆ. ಅದೇ ಪುರುಷರನ್ನು ಇನ್ನೂ ಎರಡು ಐದು-ವರ್ಷದ ಅವಧಿಗಳಲ್ಲಿ ಅನುಸರಿಸಿ 1937 ಮತ್ತು 1943ರಲ್ಲಿ ಮುಂದಿನ ಸಂಪುಟಗಳನ್ನು ಹೊರತಂದರು. ವಯಸ್ಸು ಏರಿದಂತೆ ಮರು ಅಪರಾಧ ಎಸಗುವವರ ಪ್ರಮಾಣ ಇಳಿಯುತ್ತ ಬಂದದ್ದು ಇವುಗಳಲ್ಲಿ ಕಂಡಿತು. ಇದಕ್ಕೆ ವ್ಯಕ್ತಿ ಪಕ್ವಗೊಳ್ಳುವುದೇ ಮುಖ್ಯ ಕಾರಣವೆಂದು ದಂಪತಿಗಳು ವಾದಿಸಿದರು. 1934ರಲ್ಲಿ ಪ್ರಕಟವಾದ ಇನ್ನೊಂದು ಗ್ರಂಥ ಐನೂರು ಅಪರಾಧಿ ಮಹಿಳೆಯರನ್ನು ಕುರಿತದ್ದು.

ಬಾಲಾಪರಾಧದ ಮೂಲ ಮತ್ತು ಮುನ್ಸೂಚನೆ

1940ರ ದಶಕದಲ್ಲಿ ಬಾಸ್ಟನ್‌ನ ಬಡ ಬಡಾವಣೆಗಳ 500 ಬಾಲಾಪರಾಧಿಗಳನ್ನು ಅಪರಾಧವೆಸಗದ 500 ಬಾಲಕರೊಡನೆ ಹೋಲಿಸುವ ದೊಡ್ಡ ಅಧ್ಯಯನ ನಡೆಯಿತು. ವಯಸ್ಸು, ಜನಾಂಗೀಯ ಮೂಲ, ಬುದ್ಧಿಮಟ್ಟ, ನೆರೆಹೊರೆ ಇವು ಸಮನಾಗಿರುವಂತೆ ಒಬ್ಬೊಬ್ಬನಿಗೂ ಒಬ್ಬ ಜೊತೆಗಾರನನ್ನು ಆರಿಸಲಾಯಿತು. 1950ರಲ್ಲಿ ಪ್ರಕಟವಾದ 'ಅನ್‌ರಾವೆಲಿಂಗ್ ಜುವೆನೈಲ್ ಡೆಲಿಂಕ್ವೆನ್ಸಿ' ಗ್ರಂಥ ಮನೆಯ ವಾತಾವರಣಕ್ಕೆ ಹೆಚ್ಚಿನ ಮಹತ್ವ ಕೊಟ್ಟಿತು. ತಂದೆಯ ಶಿಸ್ತು, ತಾಯಿಯ ಮೇಲ್ವಿಚಾರಣೆ, ಇಬ್ಬರ ವಾತ್ಸಲ್ಯ, ಕುಟುಂಬದ ಒಗ್ಗಟ್ಟು ಎಂಬ ಐದು ಅಂಶಗಳಿಂದ ಮಗು ಮುಂದೆ ಅಪರಾಧಿಯಾಗುವ ಸಂಭವವನ್ನು ಅಳೆಯಬಹುದೆಂದು ಅವರು ಒಂದು ಕೋಷ್ಟಕವನ್ನೂ ರಚಿಸಿದರು.

ವಿವಾದ ಹೊತ್ತಿಕೊಂಡದ್ದು ಇಲ್ಲಿಯೇ. ಸಂಖ್ಯಾಶಾಸ್ತ್ರದ ಆಕ್ಷೇಪವನ್ನು 1951ರಲ್ಲಿ ಆಲ್ಬರ್ಟ್ ರೈಸ್ ಸ್ಪಷ್ಟವಾಗಿ ಮಂಡಿಸಿದರು. ಅಧ್ಯಯನದಲ್ಲಿ ಅರ್ಧದಷ್ಟು ಬಾಲಕರು ಅಪರಾಧಿಗಳು, ಸಮಾಜದಲ್ಲಿ ಹಾಗಿಲ್ಲ. ಸಮಸಂಖ್ಯೆಯ ಗುಂಪುಗಳಿಂದ ಹುಟ್ಟಿದ ಕೋಷ್ಟಕವನ್ನು ಊರಿನ ಎಲ್ಲ ಮಕ್ಕಳಿಗೂ ಅನ್ವಯಿಸಿದರೆ, ಎಂದೂ ಅಪರಾಧ ಮಾಡದ ಅನೇಕರು ಭಾವಿ ಅಪರಾಧಿಗಳ ಪಟ್ಟಿಗೆ ಸೇರುತ್ತಾರೆ. ಆದರೂ ನ್ಯೂಯಾರ್ಕ್ ನಗರದ ಯುವಜನ ಮಂಡಳಿ 1950ರ ದಶಕದಲ್ಲಿ ಒಂದನೆಯ ತರಗತಿಗೆ ಸೇರಿದ ಬಾಲಕರ ಮೇಲೆ ಕೋಷ್ಟಕವನ್ನು ಪರೀಕ್ಷಿಸಲು ತೊಡಗಿತು. ಆರು ವರ್ಷದ ಮಗುವಿಗೆ ಇಂಥ ಹಣೆಪಟ್ಟಿ ಹಚ್ಚುವುದು ನ್ಯಾಯವೇ ಎಂಬ ಪ್ರಶ್ನೆಗೆ ಗ್ಲೂಕ್ ದಂಪತಿಗಳು ಕೊಟ್ಟ ಸಮಾಧಾನ ವಿಮರ್ಶಕರನ್ನು ತೃಪ್ತಿಪಡಿಸಲಿಲ್ಲ.

ಹಾರ್ವರ್ಡ್‌ನಲ್ಲಿ ಸ್ಥಾನ

ಶೆಲ್ಡನ್ ಹಾರ್ವರ್ಡ್ ಕಾನೂನು ಶಾಲೆಯ ಪ್ರಾಧ್ಯಾಪಕರಾದರು. ಮುಖಪುಟಗಳಲ್ಲಿ ಸಮಾನವಾಗಿ ಹೆಸರಿದ್ದರೂ ಎಲೀನರ್ 1930ರಿಂದ 1953ರವರೆಗೆ ಅಲ್ಲಿ ಸಂಶೋಧನಾ ಸಹಾಯಕಿ, ಅನಂತರ 1964ರವರೆಗೆ ಸಂಶೋಧನಾ ಸಹವರ್ತಿ. ಪ್ರಾಧ್ಯಾಪಕ ಹುದ್ದೆ ಕೊನೆಗೂ ದೊರೆಯಲಿಲ್ಲ. ಆ ಶಾಲೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡದ್ದೇ 1950ರಲ್ಲಿ ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ, ಅನ್ಯಾಯವಂತೂ ಹೌದು. 1958ರಲ್ಲಿ ವಿಶ್ವವಿದ್ಯಾಲಯ ದಂಪತಿಗಳಿಬ್ಬರಿಗೂ ಗೌರವ ಡಾಕ್ಟರೇಟ್ ನೀಡಿತು. ಎಲೀನರ್ 1972ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ನಿಧನರಾದರು. ಶೆಲ್ಡನ್ 1980ರವರೆಗೆ ಬದುಕಿದ್ದರು.

ದಾಖಲೆಗಳ ಮರುಶೋಧ

ಬಾಸ್ಟನ್‌ನ ಸಾವಿರ ಬಾಲಕರನ್ನು ದಂಪತಿಗಳು 32ರ ವಯಸ್ಸಿನವರೆಗೂ ಅನುಸರಿಸಿದ್ದರು. ಈ ಅಧ್ಯಯನದ ಮೂಲ ಕಡತಗಳು ಹಾರ್ವರ್ಡ್ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸುಮಾರು 60 ಪೆಟ್ಟಿಗೆಗಳಲ್ಲಿ ಧೂಳು ಹಿಡಿದಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವನ್ನು ಹೊರತೆಗೆದು, ಗಣಕಕ್ಕೆ ಅಳವಡಿಸಿ ಹೊಸದಾಗಿ ವಿಶ್ಲೇಷಿಸಿದರು. ಬಾಲ್ಯದ ಮನೆವಾತಾವರಣದ ಬಗ್ಗೆ ದಂಪತಿಗಳು ಹೇಳಿದ್ದು ಬಹುಪಾಲು ನಿಂತಿತು. ಬಾಲ್ಯವನ್ನು ನೋಡಿ ಇಡೀ ಬದುಕನ್ನು ಮುನ್ಸೂಚಿಸಬಹುದೆಂಬ ಭರವಸೆ ನಿಲ್ಲಲಿಲ್ಲ. ಸ್ಥಿರವಾದ ಉದ್ಯೋಗ, ಒಳ್ಳೆಯ ದಾಂಪತ್ಯ, ಕೆಲವರ ಪಾಲಿಗೆ ಸೈನ್ಯದ ಸೇವೆ ಅಪರಾಧದ ಹಾದಿಯಿಂದ ಹೊರಬರಲು ನೆರವಾಗಿದ್ದವು. ದಂಪತಿಗಳ ನಿರ್ಣಯವನ್ನು ತಿದ್ದಲು ಬೇಕಾದ ಸಾಕ್ಷ್ಯ ಅವರೇ ಜತನದಿಂದ ಕೂಡಿಟ್ಟ ಕಡತಗಳಲ್ಲಿತ್ತು. 1993ರಲ್ಲಿ ಈ ವಿಶ್ಲೇಷಣೆ ಪುಸ್ತಕವಾಯಿತು. ಬಳಿಕ ಇಬ್ಬರೂ ಆ ಹಳೆಯ ಬಾಲಾಪರಾಧಿಗಳಲ್ಲಿ 52 ಮಂದಿಯನ್ನು ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಪತ್ತೆಹಚ್ಚಿ ಸಂದರ್ಶಿಸಿ, 2003ರಲ್ಲಿ ಇನ್ನೊಂದು ಗ್ರಂಥವನ್ನು ಪ್ರಕಟಿಸಿದರು.